ಎದುರು ಬಾಗಿಲಿನ ಕುರ್ಚಿ

ಆ ಕುರ್ಚಿ ಬಂದ ದಿನದಿಂದ ಕೆಳಮನೆ ಅಕ್ಕನಿಗೆ ಉಂಡದ್ದು ಮೈಗೆ ಹತ್ತಲಿಲ್ಲ.

ಕುರ್ಚಿಯೇನೂ ಘನಂದಾರಿಯಾಗಿರಲಿಲ್ಲ. ಬಾಗಿಲು ಹಾಕಿದ ಯಾವುದೋ ಆಫೀಸಿನಿಂದ ಅಗ್ಗಕ್ಕೆ ಎತ್ತಿಕೊಂಡು ಬಂದದ್ದು. ಕರಿಯ ಬಟ್ಟೆ ಒಂದು ಮೂಲೆಯಲ್ಲಿ ಕಿತ್ತು ಒಳಗಿನ ಹಳದಿ ಸ್ಪಂಜು ಇಣುಕುತ್ತಿತ್ತು. ಆದರೆ ಅದು ತಿರುಗುತ್ತಿತ್ತು. ಅದರಲ್ಲಿ ಕೂತವಳು ಕಾಲನ್ನು ಮೆಲ್ಲಗೆ ನೆಲಕ್ಕೆ ಒತ್ತಿ ಒಮ್ಮೆ ಪಾರ್ಸೆಲ್ ಗೂಡುಗಳ ಕಡೆಗೆ, ಒಮ್ಮೆ ಕೌಂಟರಿನ ಕಡೆಗೆ ತಿರುಗುವುದನ್ನು ಅಕ್ಕ ತನ್ನ ಬಾಗಿಲಿನ ಪುಟ್ಟ ಗಾಜಿನ ಕಿಂಡಿಗೆ ಕಣ್ಣು ಹಚ್ಚಿ ನೋಡುತ್ತಿದ್ದಳು. ಕೂತವಳು ಬೇರೆ ಯಾರಾದರೂ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳೇನೋ. ಕೂತವಳು ಅವಳ ಓರಗಿತ್ತಿ. ಸ್ವಂತ ಮೈದುನನ ಹೆಂಡತಿ, ಅದೇ ಕಟ್ಟಡದ ಮೂರನೆಯ ಮಹಡಿಯವಳು.

ಅಕ್ಕನ ಮನೆ ನೆಲಮಹಡಿಯಲ್ಲಿ, ಮೆಟ್ಟಿಲ ಪಕ್ಕದ ಅಂಚೆ ಕೋಣೆಗೆ ಸರಿಯಾಗಿ ಎದುರು. ಕಟ್ಟಡದಲ್ಲಿ ಎಲ್ಲರಿಗೂ ಅವಳು ಕೆಳಮನೆ ಅಕ್ಕ, ಅವಳಿಗಿಂತ ವಯಸ್ಸಾದವರಿಗೂ. ಮದುವೆಯಾಗಿ ಆ ಮನೆಗೆ ಬಂದಾಗ ಅಂಚೆ ಕೋಣೆಯೆಂದರೆ ಗೋಡೆಗೆ ಸಾಲಾಗಿ ಬಡಿದ ಕಬ್ಬಿಣದ ಡಬ್ಬಿಗಳು, ಅಷ್ಟೇ. ಕಾಗದ ಬರುವುದು ನಿಂತು ಪಾರ್ಸೆಲ್ ಬರುವುದು ಶುರುವಾದ ಮೇಲೆ ಡಬ್ಬಿಯಲ್ಲಿ ಹಿಡಿಯದ್ದೆಲ್ಲ ನೆಲದ ಮೇಲೆ ಬಿದ್ದುಕೊಂಡಿರತೊಡಗಿತು. ನೆಲದ ಮೇಲಿದ್ದದ್ದಕ್ಕೆ ಕಾಲು ಬಂತು. ಒಬ್ಬರ ಕುಕ್ಕರ್ ಹೋಯಿತು, ಇನ್ನೊಬ್ಬರ ಮಗುವಿನ ಬೂಟು ಹೋಯಿತು. ಕಟ್ಟಡದ ನಿವಾಸಿಗಳ ಸಂಘದವರು ಕ್ಯಾಮೆರಾ ಹಾಕಿಸಿದರು. ಅದರಲ್ಲಿ ಕಳ್ಳನ ಟೋಪಿ ಬಹಳ ಚೆನ್ನಾಗಿ ಕಂಡಿತು. ಆಮೇಲೆ ಕ್ಯಾಮೆರಾ ಕೆಟ್ಟಿತು, ಯಾರೂ ರಿಪೇರಿ ಮಾಡಿಸಲಿಲ್ಲ.

ಆಗ ಯಾರೋ ಪುಣ್ಯಾತ್ಮರು ಡೆಲಿವರಿಯವನಿಗೆ ಫೋನಿನಲ್ಲಿ ಹೇಳಿದರು, ಎದುರು ಮನೆಯಲ್ಲಿ ಕೊಡಿ, ಅವರು ಯಾವಾಗಲೂ ಇರುತ್ತಾರೆ ಎಂದು. ಇರದೆ ಎಲ್ಲಿಗೆ ಹೋಗುತ್ತಾಳೆ? ಅತ್ತೆ ಹಾಸಿಗೆ ಹಿಡಿದಿದ್ದರಿಂದ ಸೊಸೆ ಮನೆ ಹಿಡಿದಿದ್ದಳು. ಒಬ್ಬರ ಪಾರ್ಸೆಲ್ಲು ಹತ್ತು ಜನರದಾಯಿತು, ಆಮೇಲೆ ಇಡೀ ಕಟ್ಟಡದ್ದಾಯಿತು. ಕೈ ಹಿಟ್ಟಿನಲ್ಲಿದ್ದಾಗ ಗಂಟೆ, ಅತ್ತೆಯ ಬಟ್ಟೆ ಬದಲಿಸುವಾಗ ಗಂಟೆ, ತಲೆಗೆ ನೀರು ಹಾಕಿಕೊಂಡಾಗ ಗಂಟೆ. ಅತ್ತೆ ತೀರಿಕೊಂಡ ಮೇಲೂ ಅವರು ಮಲಗುತ್ತಿದ್ದ ಮಂಚ ಖಾಲಿ ಉಳಿಯಲಿಲ್ಲ, ಅದರ ಮೇಲೆ ಡಬ್ಬಿಗಳು ಮಲಗಿದವು. ಸಂಜೆ ಕೆಲಸದಿಂದ ಬಂದವರು ಬಾಗಿಲು ತಟ್ಟಿ, ಫೋನನ್ನು ಕಿವಿಯಿಂದ ತೆಗೆಯದೆಯೇ ಕೈ ಚಾಚುತ್ತಿದ್ದರು. ಕೆಲವರು ನಗುತ್ತಿದ್ದರು. ಆ ನಗುವಿಗೇ ಅವಳು ಎಷ್ಟೋ ವರ್ಷ ದುಡಿದಳು.

ಕಳ್ಳರ ಕಣ್ಣು ತಪ್ಪಿಸುವುದಕ್ಕೂ ಅವಳದೇ ಒಂದು ಉಪಾಯವಿತ್ತು. ಒಮ್ಮೆ ನಗುನಗುತ್ತಾ ಬಂದವನೊಬ್ಬ ತಾನು ಐದನೆಯ ಮಹಡಿಯವರ ಭಾವಮೈದುನ ಎಂದು ಹೇಳಿ, ಅವಳ ಹೆಗಲ ಮೇಲಿಂದ ಒಳಗಿನ ರಾಶಿಯನ್ನು ಅಳೆದು ಹೋಗಿದ್ದ. ಮರುದಿನ ಕಿಟಕಿಯ ಸರಳುಗಳ ನಡುವಿಂದ ಎರಡು ಡಬ್ಬಿ ಮಾಯವಾಗಿದ್ದವು. ಅಂದಿನಿಂದ ಅವಳು ಪ್ರತಿಯೊಂದು ಪಾರ್ಸೆಲನ್ನೂ ಹಳೆಯ ದಿಂಬಿನ ಕವರಿನಲ್ಲಿ ತುರುಕಿ, ಮಾಸಿದ ಹಾಸಿಗೆ ಬಟ್ಟೆಯ ನಡುವೆ ಎಸೆದಿಡತೊಡಗಿದಳು. ಒಗೆಯುವ ಬಟ್ಟೆಯ ಗುಡ್ಡೆಯ ಕಡೆಗೆ ಯಾವ ಗಂಡಸೂ ಎರಡನೆಯ ಸಲ ನೋಡುವುದಿಲ್ಲ ಎಂಬುದನ್ನು ಅವಳು ತನ್ನ ಮನೆಯಲ್ಲೇ ಕಲಿತಿದ್ದಳು. ಆಮೇಲೆ ಒಂದು ಗುಂಡಿಯೂ ಕಳೆಯಲಿಲ್ಲ.

ಹೀಗಿರುವಾಗ ಸಂಘದವರಿಗೆ ವ್ಯವಸ್ಥೆ ಬೇಕೆನಿಸಿತು. ಅಂಚೆ ಕೋಣೆಗೆ ಗೂಡುಗಳು, ಮುಂದೆ ಒಂದು ಕೌಂಟರು, ಅದಕ್ಕೊಂದು ಅರೆಬಾಗಿಲು, ಮೇಲಿಂದ ಎಳೆಯುವ ಷಟರು, ಒಳಗೊಬ್ಬರು ಸಂಬಳದ ಮೇಲೆ. ಯಾರನ್ನು ಕೂರಿಸುವುದು ಎಂಬ ಮಾತು ಬಂದಾಗ ಒಬ್ಬರು ಕೆಳಮನೆ ಅಕ್ಕನ ಹೆಸರೆತ್ತಿದರಂತೆ. ಸಂಘದ ಸಭೆಯಲ್ಲಿ ಎದ್ದು ನಿಂತು ಮಾತಾಡುವುದೆಂದರೆ ಅವಳ ಗಂಡನಿಗೆ ಪ್ರಾಣ. ಅವನು ಎದ್ದು, ಅವಳಿಗೆಲ್ಲಿ ಪುರುಸೊತ್ತು, ಮನೆಗೆಲಸವೇ ಮುಗಿಯುವುದಿಲ್ಲ ಎಂದುಬಿಟ್ಟ. ಮನೆಗೆ ಬಂದು, ನಿನ್ನ ತಲೆಯ ಮೇಲಿನ ಭಾರ ಇಳಿಸಿ ಬಂದೆ ನೋಡು ಎಂದು ಉಪಕಾರ ಮಾಡಿದವನ ಹಾಗೆ ಹೇಳಿ ಚಹಾ ಕೇಳಿದ.

ಅವಳು ಚಹಾ ಮಾಡಿಕೊಟ್ಟಳು. ಭಾರ ಇಳಿಯಿತು ಎಂದು ಅವಳಿಗೂ ಒಂದು ವಾರ ಅನ್ನಿಸಿತು. ಆಮೇಲೆ ಕುರ್ಚಿ ಬಂತು, ಕುರ್ಚಿಯ ಮೇಲೆ ಓರಗಿತ್ತಿ ಬಂದಳು.

ಓರಗಿತ್ತಿ ಒಂದು ಅಂಗಡಿಯಲ್ಲಿ ಬಿಲ್ಲು ಹಾಕುತ್ತಿದ್ದವಳು. ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದಳು. ಕುಟುಂಬಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಒಲೆ ಹಚ್ಚಲೂ ಬರುತ್ತಿರಲಿಲ್ಲ, ಎಲ್ಲ ಕಲಿಸಿದವಳು ಅಕ್ಕ. ಅತ್ತೆಯ ಸೇವೆಯ ಕಾಲದಲ್ಲಿ ಮಾತ್ರ ಅವಳಿಗೆ ಯಾವಾಗಲೂ ಡ್ಯೂಟಿ ಇರುತ್ತಿತ್ತು. ಅಂಥವಳು ಈಗ ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ತಲೆ ಒಪ್ಪವಾಗಿ ಬಾಚಿ, ಅಕ್ಕನ ಬಾಗಿಲಿನ ಎದುರಿಗೇ ಷಟರು ಎತ್ತುತ್ತಿದ್ದಳು. ಮಹಡಿಗೊಂದರಂತೆ ಗೂಡು ಮಾಡಿದಳು. ಫೋನಿಗೆ ಬಂದ ನಂಬರು ಹೇಳದೆ ಯಾರಿಗೂ ಏನೂ ಕೊಡುತ್ತಿರಲಿಲ್ಲ. ಅಕ್ಕನ ಬಾಗಿಲಿಗೆ ಕೈ ಚಾಚಿ ನಿಲ್ಲುತ್ತಿದ್ದವರೇ ಈಗ ಕೌಂಟರಿನ ಮುಂದೆ ಸಾಲಾಗಿ ನಿಂತು, ಫೋನು ಕಿವಿಯಿಂದ ಇಳಿಸಿ, ಥ್ಯಾಂಕ್ಸ್ ಮೇಡಂ ಎನ್ನುತ್ತಿದ್ದರು.

ಮೇಡಂ. ಅದೇ ಕೆಲಸ, ಅದೇ ಪಾರ್ಸೆಲ್ಲು. ಬಿಟ್ಟಿ ಮಾಡಿದವಳು ಅಕ್ಕ, ಸಂಬಳಕ್ಕೆ ಮಾಡಿದವಳು ಮೇಡಂ. ಒಗ್ಗರಣೆ ಸೀದರೂ ಗೊತ್ತಾಗದಷ್ಟು ಹೊತ್ತು ಅಕ್ಕ ಕಿಂಡಿಯ ಬಳಿ ನಿಂತಿರುತ್ತಿದ್ದಳು.

ಅವಳ ಹೊಟ್ಟೆಯನ್ನು ಹೆಚ್ಚು ಉರಿಸಿದ್ದು ಸಂಬಳವಲ್ಲ, ಮಧ್ಯಾಹ್ನ ಓರಗಿತ್ತಿ ಷಟರು ಎಳೆದು ತಗುಲಿಸುತ್ತಿದ್ದ ರಟ್ಟಿನ ಬೋರ್ಡು. 'ಊಟದ ವೇಳೆ' ಎಂದು ಅದರಲ್ಲಿ ದುಂಡಗೆ ಬರೆದಿತ್ತು. ಊಟಕ್ಕೂ ಒಂದು ವೇಳೆ ಇರುತ್ತದೆ, ಆ ಹೊತ್ತಿನಲ್ಲಿ ಜಗತ್ತು ಹೊರಗೆ ನಿಂತು ಕಾಯುತ್ತದೆ ಎಂದು ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಅವಳು ಇಷ್ಟು ವರ್ಷ ಉಂಡದ್ದೆಲ್ಲ ನಿಂತು ಉಂಡದ್ದು, ಇಲ್ಲವೇ ಅರ್ಧ ಉಂಡು ಎದ್ದದ್ದು. ಇನ್ನೂ ತಮಾಷೆಯೆಂದರೆ, ಬೋರ್ಡು ನೋಡಿದ ಡೆಲಿವರಿಯವರು ತಿರುಗಿ ಅವಳ ಮನೆಯ ಗಂಟೆಯನ್ನೇ ಒತ್ತುತ್ತಿದ್ದರು. ಮೇಡಂ ಉಣ್ಣುವ ಹೊತ್ತಿಗೆ ಅಕ್ಕ ತುತ್ತು ಬಿಟ್ಟು ಎದ್ದು, ಮೇಡಂನ ಪಾರ್ಸೆಲ್ಲು ತೆಗೆದುಕೊಂಡು ದಿಂಬಿನ ಕವರಿಗೆ ಹಾಕಿಡುತ್ತಿದ್ದಳು.

ಸುದ್ದಿಗಳೂ ಮೂರನೆಯ ಮಹಡಿಯಿಂದ ಇಳಿದು ಬರುತ್ತಿದ್ದವು. ಸಂಜೆ ಮೈದುನನೇ ಅಕ್ಕಿ ತೊಳೆದು ಇಡುತ್ತಾನಂತೆ. ಅವಳು ದಣಿದು ಬರುತ್ತಾಳೆ ಎಂದು ಕಾಲು ಚಾಚಲು ಸ್ಟೂಲು ತಂದುಕೊಟ್ಟಿದ್ದಾನಂತೆ. ಅಕ್ಕ ಇದನ್ನು ಗಂಡನ ಕಿವಿಗೆ ಹಾಕಿ ನೋಡಿದಳು. ಅವನು ನಕ್ಕು, ನನ್ನ ತಮ್ಮ ಚಿಕ್ಕಂದಿನಿಂದಲೂ ಹಾಗೇ, ಸ್ವಲ್ಪ ಮೆತ್ತಗೆ ಎಂದ.

ಅಂಚೆ ಕೋಣೆಗೆ ಬಾತ್‌ರೂಮು ಇರಲಿಲ್ಲ. ಗೂಡಿನ ಅಳತೆ ತೆಗೆದ ಗಂಡಸರಿಗೆ ಅದು ಹೊಳೆದಿರಲೂ ಇಲ್ಲ. ಮೂರು ಮಹಡಿ ಹತ್ತಿ ಇಳಿಯುವ ಬದಲು ಓರಗಿತ್ತಿ ಎದುರು ಮನೆಗೇ ಬರುತ್ತಿದ್ದಳು. ಬಂದಾಗಲೆಲ್ಲ ಒಂದು ಮಾತು ಬೀಳಿಸಿ ಹೋಗುತ್ತಿದ್ದಳು. ಕೂತು ಕೂತು ಸೊಂಟ ಹಿಡಿದುಕೊಳ್ಳುತ್ತೆ ಅಕ್ಕಾ, ನಿಮ್ಮ ಹಾಗೆ ಓಡಾಡಿಕೊಂಡು ಇರೋದೇ ಒಳ್ಳೆಯದು ಎಂದು ಒಂದು ದಿನ ಹೇಳಿದಳು. ಅಕ್ಕ ಆ ದಿನ ಬಾತ್‌ರೂಮನ್ನು ಎರಡು ಸಲ ತಿಕ್ಕಿದಳು. ಕುರ್ಚಿ ಅವಳದು, ತಿಕ್ಕುವುದು ನನ್ನದು ಎಂದು ಬ್ರಷ್ಷಿಗೆ ಹೇಳಿಕೊಂಡಳು.

ಒಂದು ಶನಿವಾರ ಮಧ್ಯಾಹ್ನದ ಮೇಲೆ ಓರಗಿತ್ತಿ ಅವಸರದಲ್ಲಿ ಬಂದು ಬಾತ್‌ರೂಮು ಸೇರಿದಾಗ ಅಕ್ಕ ಹೊರಗೆ ಇಣುಕಿದಳು. ಕೌಂಟರಿನ ಅರೆಬಾಗಿಲು ಅಗಳಿ ಹಾಕದೆ ತೆರೆದೇ ಇತ್ತು. ಕುರ್ಚಿ ಇನ್ನೂ ಸ್ವಲ್ಪ ತಿರುಗುತ್ತಿತ್ತು. ಅಕ್ಕ ನಡುದಾರಿ ದಾಟಿ ಒಳಗೆ ಹೋದಳು. ಮುಟ್ಟಿದರೆ ಮೆತ್ತಗಿದ್ದ ಒಂದು ಪ್ಲಾಸ್ಟಿಕ್ ಪೊಟ್ಟಣವನ್ನು ನಾಲ್ಕನೆಯ ಮಹಡಿಯ ಗೂಡಿನಿಂದ ಎತ್ತಿಕೊಂಡು ಮರಳಿ ಬಂದಳು. ಅವಳ ಲೆಕ್ಕ ಇಷ್ಟೇ: ಓರಗಿತ್ತಿ ಹೊರಗೆ ಬರುತ್ತಲೇ ಅದನ್ನು ಮುಖದ ಮುಂದೆ ಹಿಡಿದು, ನೋಡಿದೆಯಾ ಮೇಡಂ, ಕಳ್ಳತನ ಎಷ್ಟು ಸುಲಭ ಎನ್ನಬೇಕು. ಅವಳ ಮೋರೆ ಒಂದು ಗಳಿಗೆ ಸಣ್ಣದಾಗಬೇಕು.

ಓರಗಿತ್ತಿ ಕೈ ಒರೆಸಿಕೊಳ್ಳುತ್ತಾ ಬಂದಳು.

"ಅಕ್ಕಾ, ಒಳಗೆ ಸೋಪು ಮುಗಿದುಹೋಗಿದೆ ನೋಡಿ" ಎಂದು ಹೇಳಿ, ಅಕ್ಕನ ಕೈ ಬೆನ್ನ ಹಿಂದೆ ಇರುವುದನ್ನೂ ಗಮನಿಸದೆ ಹೋಗಿ ಕುರ್ಚಿಯಲ್ಲಿ ಕೂತಳು.

ಅಕ್ಕ ಬಾಗಿಲು ಮುಚ್ಚಿದಳು. ಪೊಟ್ಟಣವನ್ನು ಅಭ್ಯಾಸಬಲದಿಂದ ದಿಂಬಿನ ಕವರಿಗೆ ತುರುಕಿ ಬಟ್ಟೆಯ ಬುಟ್ಟಿಗೆ ಹಾಕಿದಳು. ಸೋಪು ಮುಗಿದಿದೆಯಂತೆ. ಇರಲಿ, ಸ್ವಲ್ಪ ಬೇಯಲಿ.

ಸಂಜೆ ಪೊಟ್ಟಣದ ಒಡತಿ ಬಂದಳು. ನಾಲ್ಕನೆಯ ಮಹಡಿಯ ನರ್ಸು. ಸೋಮವಾರ ಹೊಸ ಆಸ್ಪತ್ರೆಗೆ ಸೇರುವವಳಿದ್ದಳು, ಬಂದಿದ್ದದ್ದು ಅದರ ಬಿಳಿ ಸಮವಸ್ತ್ರ. ಬಂದಿದೆ ಎಂದು ಫೋನು ಹೇಳುತ್ತಿತ್ತು, ಗೂಡು ಇಲ್ಲ ಎನ್ನುತ್ತಿತ್ತು. ಓರಗಿತ್ತಿ ಎಲ್ಲ ಗೂಡುಗಳನ್ನೂ ಕೆಳಗಿಳಿಸಿ, ಮತ್ತೆ ಏರಿಸಿ, ಮೊಣಕಾಲೂರಿ ಕೌಂಟರಿನ ಅಡಿಯಲ್ಲಿ ಹುಡುಕಿದಳು. ಕಿಂಡಿಯಲ್ಲಿ ನೋಡುತ್ತಿದ್ದ ಅಕ್ಕನಿಗೆ ಬಹಳ ದಿನಗಳ ಮೇಲೆ ಹಸಿವಾಯಿತು. ಈಗಲೇ ಕೊಟ್ಟರೆ ನೋಡುವವರು ಇಬ್ಬರೇ. ಮರುದಿನ ಭಾನುವಾರ, ಸಂಘದ ಸಭೆ. ಅಲ್ಲಿ ಎಲ್ಲರೆದುರು ತಂದಿಟ್ಟು, ಬಾಗಿಲು ತೆರೆದಿತ್ತು, ಕಳ್ಳರ ಪಾಲಾಗದಿರಲಿ ಎಂದು ನಾನೇ ಎತ್ತಿಟ್ಟೆ ಎಂದರೆ ಹೇಗಿರುತ್ತದೆ? ಆ ಮಾತನ್ನು ಅವಳು ಹಾಸಿಗೆಯಲ್ಲಿ ಹೊರಳುತ್ತಾ ಬೇರೆ ಬೇರೆ ದನಿಯಲ್ಲಿ ಹೇಳಿ ನೋಡಿಕೊಂಡಳು.

ಬೆಳಿಗ್ಗೆ ತರಕಾರಿ ಮತ್ತು ಸೋಪು ತರಲು ಹೋದವಳು ಮರಳಿದಾಗ ಗಂಡ ಬಾಗಿಲಲ್ಲೇ ನಿಂತಿದ್ದ. ಮುಖದಲ್ಲಿ ಎಂಥದೋ ಹೊಳಪು.

"ಇಸ್ತ್ರಿಯವನು ಬಂದಿದ್ದ. ಸಭೆಗೆ ಅಂಗಿ ಬೇಕಿತ್ತಲ್ಲ, ನಾನೇ ಕೊಟ್ಟೆ" ಎಂದ. ಅಂಗಿ ಮಾತ್ರವಲ್ಲ, ಹೇಗೂ ಕೊಡುತ್ತಿದ್ದೇನೆ ಎಂದು ಬುಟ್ಟಿಯಲ್ಲಿ ಇದ್ದದ್ದನ್ನೆಲ್ಲ ಕೊಟ್ಟಿದ್ದ. ಬುಟ್ಟಿಯಲ್ಲಿದ್ದದ್ದು ಒಗೆದ ಬಟ್ಟೆಯೋ ಒಗೆಯದ್ದೋ ಎಂಬ ಪ್ರಶ್ನೆ ಅವನಿಗೆ ಎದ್ದಿರಲಿಲ್ಲ. ಮದುವೆಯಾದಾಗಿನಿಂದ ಅವನು ತಾನಾಗಿ ಮುಟ್ಟಿದ ಮೊದಲ ಮನೆಗೆಲಸ ಅದು. ಹೊಗಳಿಕೆಗಾಗಿ ಕಾಯುತ್ತಿದ್ದ.

ಅಕ್ಕ ತರಕಾರಿ ಚೀಲವನ್ನು ಅವನ ಕೈಗೇ ಕೊಟ್ಟು ಓಡಿದಳು.

ಬೀದಿಯ ತಿರುವಿನ ಅಂಗಡಿಯಲ್ಲಿ ಇಸ್ತ್ರಿಯವನು ಮಾಸಿದ ಹಾಸಿಗೆ ಬಟ್ಟೆಯನ್ನು ಬದಿಗೆ ಸರಿಸಿ, ಬಿಳಿ ಬಟ್ಟೆಯನ್ನು ಮೊದಲು ಮುಗಿಸಿದ್ದ. ಗೆರೆ ಹೊಡೆದು ಕೂತ ಸಮವಸ್ತ್ರಗಳು ಮೇಜಿನ ಮೇಲಿದ್ದವು.

"ಹೊಸ ಬಟ್ಟೆ ಅಕ್ಕಾ, ಕವರ್ ಬಿಚ್ಚಿ ಚೆನ್ನಾಗಿ ಮಾಡಿದೀನಿ. ಮನೇಲಿ ಯಾರಾದ್ರೂ ನರ್ಸಾದ್ರಾ?" ಎಂದು ಕೇಳಿದ.

ವಿಳಾಸ ಅಂಟಿಸಿದ್ದ ಪ್ಲಾಸ್ಟಿಕ್ಕು ಹರಿದು ಕಸದ ಡಬ್ಬಿಯಲ್ಲಿ ಬಿದ್ದಿತ್ತು. ಹಾದಿಯುದ್ದಕ್ಕೂ ಅಕ್ಕ ಬೇರೆ ಬೇರೆ ಸುಳ್ಳುಗಳನ್ನು ತೊಟ್ಟು ನೋಡಿದಳು, ಒಂದೂ ಮೈಗೆ ಸರಿಹೊಂದಲಿಲ್ಲ. ಕಳ್ಳರಿಂದ ಕಾಪಾಡಿದವಳು ಪೊಟ್ಟಣ ಒಡೆದು ಇಸ್ತ್ರಿ ಮಾಡಿಸುವುದಿಲ್ಲ.

ಅವಳು ಬರುವಷ್ಟರಲ್ಲಿ ಮೆಟ್ಟಿಲ ಕೆಳಗೆ ಸಭೆ ಸೇರಿತ್ತು. ಗಂಡ ಹಳೆಯ ಅಂಗಿಯಲ್ಲೇ ಮುಂದಿನ ಸಾಲಿನಲ್ಲಿದ್ದ. ಓರಗಿತ್ತಿ ಕುರ್ಚಿಯ ಪಕ್ಕದಲ್ಲಿ ನಿಂತಿದ್ದಳು, ಕೂರಲು ಅವಳಿಗೆ ಧೈರ್ಯವಿರಲಿಲ್ಲ. ಅತ್ತು ಅತ್ತು ಕಣ್ಣು ದಪ್ಪಗಾಗಿತ್ತು. ಅಕ್ಕ ಎಲ್ಲರ ಹಿಂದೆ, ಬಟ್ಟೆಗಳನ್ನು ತೋಳಿನ ಮೇಲೆ ಹಾಕಿಕೊಂಡು ನಿಂತಳು. ಮಡಚಿದ ಬಟ್ಟೆ ಹೊತ್ತು ನಿಂತ ಹೆಂಗಸನ್ನು ಯಾರೂ ನೋಡಲಿಲ್ಲ.

ಕಾರ್ಯದರ್ಶಿ ನಿಧಾನವಾಗಿ ಮಾತಾಡಿದರು. ಯಾರ ಮೇಲೂ ಸಂಶಯವಿಲ್ಲ, ಆದರೆ ನಂಬಿಕೆಯ ಪ್ರಶ್ನೆ. ಇಷ್ಟೆಲ್ಲ ಖರ್ಚು ಮಾಡಿಯೂ ಕಳ್ಳತನ ಆಗುವುದಾದರೆ ಈ ಹುದ್ದೆ ಯಾಕೆ? ಕೆಳಮನೆ ಅಕ್ಕ ನೋಡಿಕೊಳ್ಳುತ್ತಿದ್ದಾಗ, ಆ ಕಿಟಕಿಯ ಎರಡು ಡಬ್ಬಿ ಬಿಟ್ಟರೆ, ಒಂದು ಸಾಮಾನೂ ಹೋಗಿರಲಿಲ್ಲ. ಅಕ್ಕನ ಹಾಗೆ ಯಾರಿಗಾಗುತ್ತದೆ?

ತಿಂಗಳುಗಟ್ಟಲೆ ಕಿಂಡಿಯ ಹಿಂದೆ ನಿಂತು ಅವಳು ಬಯಸಿದ್ದು ಈ ಮಾತನ್ನೇ. ಕೇಳಿ ಎದೆ ಉಬ್ಬಿತು. ಓರಗಿತ್ತಿಯ ತಲೆ ಇನ್ನಷ್ಟು ತಗ್ಗಿದ್ದನ್ನೂ ಅವಳು ಕಣ್ತುಂಬ ನೋಡಿದಳು. ಕಾರ್ಯದರ್ಶಿ ಮುಂದುವರಿಸಿದರು: "ಹಾಗಾಗಿ ಮೊದಲಿನ ಥರಾನೇ ಅವರ ಮನೇಲಿ ಇಟ್ಟುಬಿಡೋಣ. ಅವರು ಹೇಗೂ ಮನೇಲೇ ಇರ್ತಾರೆ. ಸಂಬಳದ ಖರ್ಚೂ ಉಳಿಯುತ್ತೆ. ಆ ಕುರ್ಚಿ ಸಂಘದ ಆಫೀಸಿಗೆ ಆಗುತ್ತೆ."

"ಅದಕ್ಕೇನು, ನಮ್ಮವಳು ನೋಡ್ಕೋತಾಳೆ" ಎಂದ ಅವಳ ಗಂಡ.

ಗೆದ್ದದ್ದರಲ್ಲಿ ತನಗೆ ಏನು ಬಂತು ಎಂದು ಅಕ್ಕ ನಿಂತಲ್ಲೇ ಎಣಿಸಿದಳು. ಗಂಟೆ ಬಂತು, ಮಂಚದ ಮೇಲಿನ ರಾಶಿ ಬಂತು, ಅರ್ಧ ಉಂಡ ತಟ್ಟೆ ಬಂತು. ಕುರ್ಚಿ ಮಾತ್ರ ಆಫೀಸಿಗೆ.

"ಕಳ್ಳತನ ಆಗಿಲ್ಲ" ಎಂದಳು. ದನಿ ತನ್ನದಲ್ಲವೇನೋ ಎಂಬಷ್ಟು ದೊಡ್ಡದಾಗಿತ್ತು. "ತಗೊಂಡಿದ್ದು ನಾನು. ಅವಳು ನಮ್ಮನೆ ಬಾತ್‌ರೂಮಿಗೆ ಬಂದಿದ್ದಳು, ಬಾಗಿಲು ತೆರೆದಿತ್ತು, ಎತ್ತಿಕೊಂಡೆ. ಹೊಟ್ಟೆಕಿಚ್ಚಿಗೆ. ಆಮೇಲೆ ನಮ್ಮ ಯಜಮಾನರು ಅದನ್ನ ಇಸ್ತ್ರಿಗೆ ಕೊಟ್ಟರು."

ಮೊದಲು ಹಿಂದಿನ ಸಾಲಿನಿಂದ ಒಂದು ನಗು, ಅದರ ಬೆನ್ನಿಗೆ ಹತ್ತು. ಗಂಡನ ಕಿವಿ ಕೆಂಪಾಯಿತು. ಕದ್ದದ್ದಕ್ಕಿಂತ ತಾನು ಇಸ್ತ್ರಿಗೆ ಕೊಟ್ಟ ಸುದ್ದಿ ಅವನಿಗೆ ಹೆಚ್ಚು ಚುಚ್ಚಿದಂತಿತ್ತು. ನರ್ಸು ಮುಂದೆ ಬಂದು ಬಟ್ಟೆ ತೆಗೆದುಕೊಂಡಳು. ಗೆರೆಯ ಮೇಲೆ ಬೆರಳು ಆಡಿಸಿ, ನಿಮ್ಮಿಬ್ಬರ ನಡುವೆ ನನ್ನ ಕೆಲಸ ಹೋಗುತ್ತಿತ್ತು ಎಂದು ಮೆಲ್ಲಗೆ ಹೇಳಿ ಮೆಟ್ಟಿಲು ಹತ್ತಿದಳು. ಅಕ್ಕನಿಗೆ ನಗುವಿಗಿಂತ ಆ ಮಾತು ಹೆಚ್ಚು ತಾಗಿತು.

ಓರಗಿತ್ತಿಯರ ಜಗಳ, ಮನೆಯ ವಿಷಯ ಎಂದು ಕಾರ್ಯದರ್ಶಿ ಸಭೆಯನ್ನು ಹಗುರಗೊಳಿಸಿದರು. ಹುದ್ದೆ ಉಳಿಯಿತು. ಇನ್ನು ಮುಂದೆ ಜಾಗ ಬಿಟ್ಟು ಏಳಬಾರದು ಎಂದು ಓರಗಿತ್ತಿಗೆ ಹೇಳಿದಾಗ ಅವಳು, ಹಾಗಾದರೆ ಕೋಣೆಯೊಳಗೇ ಒಂದು ಬಾತ್‌ರೂಮು ಕಟ್ಟಿಸಿಕೊಡಿ ಸಾರ್ ಎಂದಳು. ಆಗ ಯಾರೂ ನಗಲಿಲ್ಲ.

ಆಮೇಲೆ ಓರಗಿತ್ತಿ ಎದುರು ಮನೆಗೆ ಕಾಲಿಡಲಿಲ್ಲ. ಷಟರಿಗೆ ಬೀಗ ಹಾಕಿ ಮೂರು ಮಹಡಿ ಹತ್ತುತ್ತಿದ್ದಳು. ಹೊಸ ಸೋಪು ಕರಗದೆ ಹಾಗೇ ಇತ್ತು. ಕೊನೆಗೆ ಅಕ್ಕನೇ ಒಂದು ಮಧ್ಯಾಹ್ನ ಷಟರು ಇಳಿಸುವ ಮೊದಲು ಕೌಂಟರಿನ ಮುಂದೆ ಹೋಗಿ ನಿಂತಳು. ತಪ್ಪಾಯಿತು ಎನ್ನಲು ಹೋದವಳು ಬೇರೇನೋ ಹೇಳಿದಳು.

"ನಾನೂ ಇದೇ ಕೆಲಸ ಮಾಡಿದವಳು. ನನ್ನನ್ನ ಯಾರೂ ಒಂದು ಮಾತು ಕೇಳಲಿಲ್ಲ."

ಓರಗಿತ್ತಿ ಕುರ್ಚಿ ತಿರುಗಿಸಲಿಲ್ಲ. ನೇರ ನೋಡಿದಳು.

"ನನ್ನನ್ನ ಯಾರು ಕೇಳಿದ್ರು ಅಕ್ಕಾ? ನಾನೇ ಹೋಗಿ ಕೇಳಿದೆ. ಮೊದಲು ಆಗಲ್ಲ ಅಂದ್ರು. ಮತ್ತೆ ಹೋದೆ, ಯಜಮಾನರನ್ನ ಕಳಿಸಿ ಅಂದ್ರು. ಮತ್ತೆ ನಾನೇ ಹೋದೆ. ಕೊಡೋವರೆಗೂ ಹೋದೆ. ನೀವು ಕದಿಯೋ ಬದಲು ಕೇಳಬಹುದಿತ್ತು."

ಅಕ್ಕ ಮನೆಗೆ ಬಂದು ತಟ್ಟೆಯ ಮುಂದೆ ಕೂತಳು. ಇಷ್ಟು ದಿನ ಕುರ್ಚಿಯ ಮೇಲಿದ್ದ ಹೊಟ್ಟೆಕಿಚ್ಚು ಈಗ ಜಾಗ ಬದಲಿಸಿತ್ತು. ಒಲೆ ಹಚ್ಚುವುದು ತಾನು ಕಲಿಸಿಕೊಟ್ಟ ಹುಡುಗಿ ಈ ಬಾಯಿಯನ್ನು ಎಲ್ಲಿಂದ ತಂದಳು? ಆಗಲ್ಲ ಎಂದವರ ಬಾಗಿಲಿಗೆ ಮತ್ತೆ ಹೋಗುವ ಕಾಲು ಅವಳಿಗೆ ಯಾರು ಕೊಟ್ಟರು? ಬಾಗಿಲ ಗಂಟೆ ಬಡಿಯಿತು. ಡೆಲಿವರಿಯವನು. ಅಕ್ಕ ಎದ್ದು ಬಾಗಿಲು ತೆರೆದು, ಪಾರ್ಸೆಲ್ ತೆಗೆದುಕೊಳ್ಳದೆ, ಷಟರು ಏಳುವವರೆಗೆ ಕಾಯಲು ಹೇಳಿದಳು. ಅವನು ಗೊಣಗುತ್ತಾ ಮೆಟ್ಟಿಲ ಮೇಲೆ ಕೂತ. ಅವಳು ಬಾಗಿಲು ಮುಚ್ಚಿ ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಕಾರ್ಯದರ್ಶಿಯವರ ಮನೆಗೆ ಹೋದಳು.

ಮಧ್ಯಾಹ್ನದ ಹೊತ್ತು ಷಟರು ಮುಚ್ಚುವುದರಿಂದ ತೊಂದರೆಯಾಗುತ್ತಿದೆ, ಆ ಹೊತ್ತಿಗೂ ಸಂಜೆಯ ಹೊತ್ತಿಗೂ ತಾನು ಕೂರುವುದಾಗಿ ಹೇಳಿದಳು. ಸಂಬಳಕ್ಕೆ ಎಂಬ ಮಾತನ್ನು ಎರಡು ಸಲ ಹೇಳಿದಳು.

ಕಾರ್ಯದರ್ಶಿ ಕನ್ನಡಕ ತೆಗೆದು ನೋಡಿದರು.

"ಕದ್ದವರನ್ನೇ ಕಾವಲಿಗೆ ಇಡೋದು ಹೇಗಮ್ಮಾ?"

"ಅರೆಬಾಗಿಲಿಗೆ ಒಳಗಿನಿಂದ ಮಾತ್ರ ಅಗಳಿ ಇದೆ ಸಾರ್, ಹೊರಗಿನಿಂದ ಬೀಗ ಇಲ್ಲ. ಇಷ್ಟು ಜನ ಇದ್ದೀರಿ, ಅದು ಗೊತ್ತಾಗಿದ್ದು ನನಗೊಬ್ಬಳಿಗೇ."

ಅವರು ಕನ್ನಡಕ ಮತ್ತೆ ಹಾಕಿಕೊಂಡು, ಆಗುವುದಿಲ್ಲ ಎಂದರು. ಬೇಕಾದರೆ ಯಜಮಾನರನ್ನು ಕಳಿಸಿ, ಮಾತಾಡೋಣ ಎಂದರು.

"ಯಜಮಾನರು ಬರಲ್ಲ. ನಾಳೆ ನಾನೇ ಬರ್ತೀನಿ" ಎಂದಳು ಅಕ್ಕ.

ಓರಗಿತ್ತಿಗೆ ಈ ಎರಡು ಉತ್ತರ ಸಿಗಲು ಎರಡು ಸಲ ಹೋಗಬೇಕಾಗಿತ್ತು, ತನಗೆ ಒಂದೇ ಸಲಕ್ಕೆ ಎರಡೂ ಸಿಕ್ಕಿವೆ. ಅವಳು ಹತ್ತಿದಷ್ಟು ಸಲ ತಾನು ಹತ್ತಬೇಕಾಗಿಲ್ಲ, ಒಂದು ಸಲವಾದರೂ ಕಡಿಮೆಗೆ ಗೆಲ್ಲಬೇಕು ಎಂದು ಲೆಕ್ಕ ಹಾಕುತ್ತಾ ಅಕ್ಕ ಮೆಟ್ಟಿಲು ಇಳಿದಳು.